ಜಾತ್ರೆಯ ಓಟವೋ, ಸಂತೆಯ ಓಟವೋ, ಕೆರೆದಂಡೆಯ ಓಟವೋ?

ಯುಗಾದಿ ಹತ್ತಿರ ಬಂತೆಂದರೆ ನನಗೆ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ಈ ಸಲ ಒಂದೇ ವಾರದಲ್ಲಿ ಮೂವರು ಕೇಳಿದರು. ಜೊತೆಯಲ್ಲಿ ಕೆಲಸ ಮಾಡುವ ಹುಡುಗಿ, ಹುಡುಗಿ ಅಂದರೂ ಇಬ್ಬರು ಮಕ್ಕಳ ತಾಯಿ, ಊಟದ ಡಬ್ಬಿ ಬಿಚ್ಚುತ್ತಾ ಕೇಳಿದಳು: "ಅಕ್ಕಾ, ಬೆಂಗಳೂರಿನ ಟೆನ್‌ಕೆಗೆ, ಅದೇ ಆ ಹತ್ತು ಕಿಲೋಮೀಟರ್ ಓಟಕ್ಕೆ, ಹೆಸರು ಕೊಡ್ಲಾ? ಕೊಟ್ಟ ಮೇಲೆ ಓಡೋಕಾಗ್ದೇ ಹೋದ್ರೆ ದುಡ್ಡು ದಂಡ ಅಲ್ವಾ?" ಎದುರು ಮನೆಯ ರಾಯರಿಗೆ ಅರವತ್ತಮೂರು, ಬ್ಯಾಂಕಿನಿಂದ ನಿವೃತ್ತರಾದವರು, ಸಕ್ಕರೆ ಕಾಯಿಲೆ ಇದೆ. "ಏನಮ್ಮಾ, ನಮ್ಮಂಥೋರು ಓಡಬಹುದೋ, ನಡ್ಕೊಂಡೇ ಇರಬೇಕೋ?" ಅಂದರು. ಬೆಂಗಳೂರಿನ ಹಾಸ್ಟೆಲಿನಿಂದ ಅಣ್ಣನ ಮಗನ ಫೋನು: "ಅತ್ತೆ, ಫ್ರೆಂಡ್ಸೆಲ್ಲಾ ಹಾಫ್ ಮ್ಯಾರಥಾನ್‌ಗೆ ಹೆಸರು ಕೊಡ್ತಿದಾರೆ. ನಾನೂ ಕೊಡ್ಲಾ?"

ಮೂವರಿಗೂ ಒಂದೇ ಉತ್ತರ ಹೇಳಲಾಗಲಿಲ್ಲ. ನಾನು ಓಡಲು ಶುರು ಮಾಡಿದ್ದು ನಲವತ್ತೆರಡನೇ ವಯಸ್ಸಿನಲ್ಲಿ, ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಂಡೆಯ ಮೇಲೆ. ಆರು ವರ್ಷದಲ್ಲಿ ಸಣ್ಣ ಓಟ, ದೊಡ್ಡ ಓಟ, ದುಡ್ಡು ಕೊಟ್ಟದ್ದು, ಪುಕ್ಕಟೆಯದ್ದು ಎಲ್ಲ ಓಡಿದ್ದೇನೆ. ಬಹುಮಾನಕ್ಕಾಗಿ ಓಡಿದವಳಲ್ಲ, ಖುಷಿಗಾಗಿ ಓಡುವವಳು. ಈ ಬರಹವೂ ಅಂಥವರಿಗೇ.

ನನ್ನ ಮನಸ್ಸಿನಲ್ಲಿ ಈ ಓಟಗಳೆಲ್ಲ ಮೂರು ಗುಂಪಾಗಿವೆ. ವರ್ಷಕ್ಕೊಮ್ಮೆ ಊರೇ ಸೇರುವ ದೊಡ್ಡ ಓಟ ಜಾತ್ರೆಯಿದ್ದಂತೆ. ವಾರ ವಾರ ಅದೇ ಜಾಗದಲ್ಲಿ ಅದೇ ಮುಖಗಳು ಸೇರುವ ಓಟ ಸಂತೆಯಿದ್ದಂತೆ. ಒಬ್ಬರೇ ಕೆರೆದಂಡೆಯಲ್ಲೋ ಪಾರ್ಕಿನಲ್ಲೋ ಓಡುವುದು ಮನೆಯ ಅಡುಗೆಯಂತೆ. ಮೂರೂ ಬೇಕು. ಆದರೆ ಬಹಳ ಜನ ಜಾತ್ರೆಗೆ ಹೆಸರು ಕೊಡುವುದರಿಂದಲೇ ಶುರು ಮಾಡುತ್ತಾರೆ, ಜಾತ್ರೆ ಮುಗಿದ ಮರುವಾರ ಶೂ ಅಟ್ಟ ಸೇರುತ್ತದೆ. ಅದು ಹಾಗಾಗಬಾರದೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಮೊದಲು ಇವನ್ನು ಅಳೆದುಕೊಳ್ಳಿ

ಯಾವ ಓಟ ಎನ್ನುವ ಮುಂಚೆ ನಿಮ್ಮ ಕಾಲಿನ ಅಳತೆ ತಿಳಿಯಬೇಕು. ಇದಕ್ಕೆ ವಾಚು, ಆ್ಯಪು ಏನೂ ಬೇಡ. ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾ ಎಷ್ಟು ಹೊತ್ತು ಓಡಬಲ್ಲಿರಿ ನೋಡಿ. ಏದುಸಿರು ಬಂದು ಮಾತು ತುಂಡಾಗುತ್ತಿದ್ದರೆ ನಡೆಯಿರಿ, ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಓಡಿ. ಹೀಗೆ ನಡೆದು ಓಡಿ ಐದು ಕಿ.ಮೀ. ಮುಗಿಸಿ, ಮಾರನೇ ದಿನ ಮೆಟ್ಟಿಲು ಹತ್ತುವಾಗ ಮಂಡಿ ದೂರು ಹೇಳದಿದ್ದರೆ ನೀವು ಯಾವ ಐದು ಕಿ.ಮೀ. ಓಟಕ್ಕೂ ಧೈರ್ಯವಾಗಿ ಹೆಸರು ಕೊಡಬಹುದು. ಲೆಕ್ಕಕ್ಕೆ ಹೇಳುವುದಾದರೆ, ಬಿರುಸಾಗಿ ನಡೆಯುವವರು ಐದು ಕಿ.ಮೀ.ಗೆ ಐವತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಕಿ.ಮೀ.ಗೆ ಎಂಟು ನಿಮಿಷದಂತೆ ಮೆಲ್ಲಗೆ ಓಡಿದರೆ ನಲವತ್ತು. ಅದೇ ವೇಗದಲ್ಲಿ ಹತ್ತು ಕಿ.ಮೀ. ಎಂದರೆ ಎಂಬತ್ತು ನಿಮಿಷ. ಹಾಫ್ ಮ್ಯಾರಥಾನ್ 21.0975 ಕಿ.ಮೀ., ಅದಕ್ಕೆ ಎರಡು ಗಂಟೆ ನಲವತ್ತೊಂಬತ್ತು ನಿಮಿಷ ಬೇಕು. ಈ ಕೊನೆಯ ಅಂಕಿಯನ್ನು ಅಣ್ಣನ ಮಗನಿಗೆ ಹೇಳಿದೆ. ಅವನು ಅಲ್ಲಿಯವರೆಗೆ ಇಪ್ಪತ್ತು ನಿಮಿಷದ ಮೇಲೆ ಒಮ್ಮೆಯೂ ಓಡಿರಲಿಲ್ಲ.

ಎರಡನೆಯದು ಖರ್ಚು. ಪ್ರವೇಶ ಶುಲ್ಕ ಮಾತ್ರ ನೋಡಬೇಡಿ. ದೊಡ್ಡ ಓಟಗಳಲ್ಲಿ ಎದೆಯ ಮೇಲೆ ಚುಚ್ಚಿಕೊಳ್ಳುವ ನಂಬರು, ಅಂದರೆ ಬಿಬ್, ಓಟದ ದಿನ ಸಿಗುವುದಿಲ್ಲ, ಒಂದೆರಡು ದಿನ ಮೊದಲೇ ಹೋಗಿ ತರಬೇಕು. ಹೊರ ಊರಿನವರಿಗೆ ಅಲ್ಲಿಗೇ ಒಂದು ರಜೆ, ಬಸ್ ಚಾರ್ಜು, ಒಂದು ರಾತ್ರಿಯ ರೂಮು ಸೇರಿಕೊಳ್ಳುತ್ತದೆ. ಹೆಚ್ಚಿನ ಕಡೆ ಕಟ್ಟಿದ ಶುಲ್ಕ ವಾಪಸ್ ಬರುವುದಿಲ್ಲ, ಇನ್ನೊಬ್ಬರ ಹೆಸರಿಗೆ ಬದಲಾಯಿಸಲೂ ಬಿಡುವುದಿಲ್ಲ. ದುಡ್ಡು ಕಟ್ಟುವ ಮುಂಚೆ ಈ ಸಾಲನ್ನು ಹುಡುಕಿ ಓದಿ.

ಹೊತ್ತು ಮೂರನೆಯದು. ನಮ್ಮ ಬಿಸಿಲಿಗೆ ಓಟಗಳೆಲ್ಲ ನಸುಕಿನಲ್ಲೇ ಶುರುವಾಗುತ್ತವೆ. ಐದೂವರೆಗೆ ಓಟವೆಂದರೆ ಮೂರೂವರೆಗೆ ಏಳಬೇಕು. ಆಗ ಮನೆಯಲ್ಲಿ ಮಕ್ಕಳ ಹತ್ತಿರ ಯಾರಿರುತ್ತಾರೆ, ಅಲ್ಲಿಗೆ ಹೋಗುವುದು ಹೇಗೆ, ಇದು ಹೆಂಗಸರಿಗೆ ಶುಲ್ಕಕ್ಕಿಂತ ದೊಡ್ಡ ಪ್ರಶ್ನೆ.

ಆಮೇಲೆ ವ್ಯವಸ್ಥೆ. ನೀರು ಎಷ್ಟು ಕಿ.ಮೀ.ಗೊಮ್ಮೆ ಇದೆ, ಆಂಬುಲೆನ್ಸ್ ಇದೆಯೇ, ವಾಹನ ತಡೆದಿರುತ್ತಾರೆಯೇ, ಹೆಂಗಸರಿಗೆ ಶೌಚಾಲಯ ಇದೆಯೇ. ಇದನ್ನು ಕೇಳಲು ಸಂಕೋಚಪಡುವವರು ಬಹಳ ಜನ. ನಾನು ಈಗ ಫೋನ್ ಮಾಡಿ ನೇರವಾಗಿ ಕೇಳುತ್ತೇನೆ.

ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ್ದು: ಈ ಓಟ ಮುಗಿದ ಮುಂದಿನ ವಾರ ನೀವು ಮತ್ತೆ ಓಡುತ್ತೀರಾ? ಮರುವಾರವೂ ಎಬ್ಬಿಸುವ ಓಟ ಸಣ್ಣದಾದರೂ ಸರಿ. ಆರು ತಿಂಗಳು ಮೂಲೆಗೆ ಕೂರಿಸುವ ಓಟಕ್ಕೆ ಎಷ್ಟೇ ಹೆಸರಿದ್ದರೂ ಮೊದಲ ಸಲದವರಿಗೆ ಅದು ಬೇಡ.

ಕೆರೆದಂಡೆ, ಪಾರ್ಕು

ಇದಕ್ಕೆ ಶುಲ್ಕವಿಲ್ಲ, ಬಿಬ್ ಇಲ್ಲ, ಇಷ್ಟು ಹೊತ್ತಿನೊಳಗೆ ಮುಗಿಸಲೇಬೇಕೆಂಬ ಗಡುವು, ಅಂದರೆ ಕಟಾಫ್, ಇಲ್ಲ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆಯ ಏರಿ ಇದೆ, ಮಣ್ಣಿನ ಹಾದಿ, ಮೇಲೆ ಮರದ ನೆರಳು. ಬೆಂಗಳೂರಿನವರಿಗೆ ಕಬ್ಬನ್ ಪಾರ್ಕು. ಬೆಳಗಿನ ಹೊತ್ತು ವಾಹನಗಳಿಲ್ಲದ ಆ ರಸ್ತೆಗಳಲ್ಲಿ ಭಾನುವಾರ ಹೋಗಿ ನಿಂತರೆ ಓಡದವರಿಗೂ ಓಡುವ ಮನಸ್ಸಾಗುತ್ತದೆ. ಲಾಲ್‌ಬಾಗಿನ 240 ಎಕರೆಯಲ್ಲಿ ಏರಿಳಿತಕ್ಕೂ ಜಾಗವಿದೆ. ಧಾರವಾಡದವರಿಗೆ ಕೃಷಿ ವಿಶ್ವವಿದ್ಯಾಲಯದ ಆವರಣ, ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ. ಜಿಲ್ಲಾ ಕೇಂದ್ರಗಳಲ್ಲಿ ಬಹುತೇಕ ಒಂದು ಜಿಲ್ಲಾ ಕ್ರೀಡಾಂಗಣ ಇದ್ದೇ ಇರುತ್ತದೆ. ಅಲ್ಲಿನ ಟ್ರ್ಯಾಕಿನ ಒಳಸುತ್ತು ನಾಲ್ಕುನೂರು ಮೀಟರಿನದ್ದಾದರೆ ಹನ್ನೆರಡೂವರೆ ಸುತ್ತಿಗೆ ಐದು ಕಿ.ಮೀ.

ಇದರ ಲಾಭ ನಿಮ್ಮ ವೇಗ ನಿಮ್ಮದು, ನಿಮ್ಮ ಹೊತ್ತು ನಿಮ್ಮದು. ಶುಲ್ಕಕ್ಕೆ ಹೋಗುವ ದುಡ್ಡನ್ನು ಒಂದು ಒಳ್ಳೆಯ ಶೂಗೆ ಹಾಕಬಹುದು, ಅದು ಒಂದು ವರ್ಷ ಬರುತ್ತದೆ. ಕಷ್ಟವೂ ಇದೆ. ಕಾಯುವವರು ಯಾರೂ ಇಲ್ಲದಿದ್ದರೆ ಅಲಾರಂ ಆರಿಸಿ ಮಲಗುವುದು ಬಹಳ ಸುಲಭ. ಕತ್ತಲಿರುವಾಗ ಹೆಂಗಸರು ಒಬ್ಬರೇ ಹೋಗುವುದು ಹಲವು ಕಡೆ ಕ್ಷೇಮವಲ್ಲ. ಬೀದಿನಾಯಿಗಳ ಕಾಟ ಎಲ್ಲರಿಗೂ ಗೊತ್ತು. ಓಡುವವರನ್ನು ಕಂಡರೆ ಅವು ಅಟ್ಟಿಸಿಕೊಂಡು ಬರುತ್ತವೆ, ಓಟ ನಿಲ್ಲಿಸಿ ನಡೆದರೆ ಹೆಚ್ಚಿನವು ಸುಮ್ಮನಾಗುತ್ತವೆ. ನಾನು ಮೊದಲ ಎಂಟು ತಿಂಗಳು ಹೀಗೆಯೇ ಓಡಿದೆ, ನಮ್ಮ ಮನೆಯವರು ಏರಿಯ ಮೇಲೆ ನಡೆಯುತ್ತಿದ್ದರು, ನಾನು ಓಡಿ ಬಂದು ಅವರನ್ನು ದಾಟಿ ಹೋಗುತ್ತಿದ್ದೆ. ಜೊತೆಗೆ ಓಡುವವರೇ ಬೇಕೆಂದಿಲ್ಲ, ಜೊತೆಗೆ ಬರುವವರಿದ್ದರೂ ಸಾಕು.

ವಾರದ ಗುಂಪು

ಗಟ್ಟಿಯಾಗಿ ಒಂದನ್ನೇ ಆರಿಸಿ ಎಂದರೆ ನಾನು ಇದನ್ನೇ ಆರಿಸುತ್ತೇನೆ. ಸಂತೆಗೆ ಹೋಗದಿದ್ದರೆ ಯಾರಾದರೂ "ಯಾಕಮ್ಮಾ ಹೋದ ವಾರ ಕಾಣಲಿಲ್ಲ?" ಎಂದು ಕೇಳುತ್ತಾರಲ್ಲ, ಆ ಒಂದು ಮಾತಿಗೆ ಬೆಳಿಗ್ಗೆ ಎಬ್ಬಿಸುವ ಶಕ್ತಿಯಿದೆ.

ಗುಂಪುಗಳಲ್ಲೂ ಎರಡು ಬಗೆ. ಬೆಂಗಳೂರಿನ ಜಯನಗರ ಜಾಗ್ವಾರ್ಸ್‌ನಂಥವು ಕೋಚ್ ಇರುವ, ವಾರದ ಪಾಠ ಹಾಕಿಕೊಡುವ ಗುಂಪುಗಳು. ಇಂಥ ಕಡೆ ಸಾಮಾನ್ಯವಾಗಿ ಶುಲ್ಕವಿರುತ್ತದೆ, ಶಿಸ್ತೂ ಇರುತ್ತದೆ. ಇನ್ನೊಂದು ಬಗೆ ನಾಲ್ಕಾರು ಪರಿಚಯಸ್ಥರು ಸೇರಿ ಮಾಡಿಕೊಂಡ ವಾಟ್ಸಾಪ್ ಗುಂಪು. ಅಲ್ಲಿ ದುಡ್ಡಿಲ್ಲ, ಓಡಿದ ಮೇಲೆ ಇಡ್ಲಿ ವಡೆ ಇದೆ. ಹತ್ತು ಕಿ.ಮೀ.ಯನ್ನು ಒಂದು ಗಂಟೆಯೊಳಗೆ ಓಡಬೇಕು ಎಂಬಂಥ ಗುರಿ ಇದ್ದವರಿಗೆ, ಹಳೆಯ ಮಂಡಿನೋವು ಇದ್ದು ತಿಳಿದವರ ಕಣ್ಣು ಬೇಕಾದವರಿಗೆ ಕೋಚ್ ಇರುವ ಗುಂಪು ಸರಿ. ಸುಮ್ಮನೆ ಶುರು ಮಾಡುವವರಿಗೆ ಎರಡನೆಯದೇ ಸಾಕು.

ಸೇರುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: ಎಲ್ಲರಿಗಿಂತ ಹಿಂದೆ ಬರುವವರ ಜೊತೆ ಯಾರು ಓಡುತ್ತಾರೆ? ಅದಕ್ಕೆ ಉತ್ತರವಿರುವ ಗುಂಪಿಗೆ ಸೇರಿ. ನಾನು ಮೊದಲು ಹೋದ ಗುಂಪಿನಲ್ಲಿ ಉತ್ತರವಿರಲಿಲ್ಲ. ಮೂರನೇ ಭಾನುವಾರ ರಿಂಗ್ ರೋಡಿನಲ್ಲಿ ಒಬ್ಬಳೇ ಉಳಿದೆ, ದಾರಿ ಕೇಳಿಕೊಂಡು ವಾಪಸ್ ಬಂದೆ. ಈಗಿನ ಗುಂಪಿನಲ್ಲಿ ಸರದಿಯ ಮೇಲೆ ಒಬ್ಬರು ಕೊನೆಯವರ ಜೊತೆ ಇರುತ್ತಾರೆ. ನನ್ನ ಸರದಿ ಬಂದ ದಿನಗಳೇ ನನಗೆ ಹೆಚ್ಚು ಇಷ್ಟ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ, ಬಳಸಿಕೊಳ್ಳದಿದ್ದರೆ ನಷ್ಟ. ಅದು ಪಾರ್ಕ್‌ರನ್. 2004ರ ಅಕ್ಟೋಬರ್ 2ರಂದು ಲಂಡನ್ ಬಳಿಯ ಬುಷಿ ಪಾರ್ಕಿನಲ್ಲಿ ಪಾಲ್ ಸಿಂಟನ್-ಹ್ಯುವಿಟ್ ಎಂಬವರು ಹದಿಮೂರು ಜನ ಓಟಗಾರರ ಜೊತೆ ಶುರು ಮಾಡಿದ್ದು ಈಗ ಇಂಗ್ಲೆಂಡ್, ಐರ್ಲೆಂಡ್, ಆಸ್ಟ್ರೇಲಿಯಾ, ಸಿಂಗಪುರ, ಅಮೆರಿಕ, ಕೆನಡಾ ಹೀಗೆ ಹಲವು ದೇಶಗಳಲ್ಲಿ ನಡೆಯುತ್ತದೆ. ಪ್ರತಿ ಶನಿವಾರ ಬೆಳಿಗ್ಗೆ, ಐದು ಕಿ.ಮೀ., ಪೂರ್ತಿ ಉಚಿತ. ಒಮ್ಮೆ ಹೆಸರು ನೋಂದಾಯಿಸಿ ಬಾರ್‌ಕೋಡ್ ಪಡೆದರೆ ಯಾವ ದೇಶದ ಪಾರ್ಕ್‌ರನ್‌ಗೂ ಅದೇ ಸಾಕು. ನಿಮ್ಮ ಸಮಯವನ್ನೂ ಬರೆದಿಡುತ್ತಾರೆ. ಎಲ್ಲರಿಗಿಂತ ಹಿಂದೆ ಒಬ್ಬ ಸ್ವಯಂಸೇವಕರು ಬರುತ್ತಾರೆ, ಹಾಗಾಗಿ ನೀವು ಕೊನೆಯವರಾಗುವ ಭಯವೇ ಇಲ್ಲ. ನಡೆಸುವವರೆಲ್ಲ ಸ್ವಯಂಸೇವಕರು. ಹೊಸ ಊರಿನಲ್ಲಿ ಪರಿಚಯದವರಿಲ್ಲದೆ ಮನೆಯಲ್ಲೇ ಉಳಿದ ಅಪ್ಪ ಅಮ್ಮಂದಿರನ್ನು ಕರೆದುಕೊಂಡು ಹೋಗಿ, ಅಲ್ಲಿ ನಡೆಯುವವರಿಗೂ ಜಾಗವಿದೆ. ಇಂಥದೊಂದು ನಮ್ಮ ಊರುಗಳಲ್ಲೂ ಬೇರೂರಬೇಕೆಂದು ನನ್ನ ಬಹುದಿನದ ಆಸೆ. ಒಂದು ಕೆರೆದಂಡೆ, ಒಂದು ಗಡಿಯಾರ, ಐದಾರು ಮನಸ್ಸುಳ್ಳವರು ಇದ್ದರೆ ನಡೆಯುವ ಕೆಲಸ ಅದು.

ಊರಿನ ಐದು ಕಿಲೋಮೀಟರು

ಆಸ್ಪತ್ರೆ, ಕಾಲೇಜು, ರೋಟರಿ, ಅಪಾರ್ಟ್‌ಮೆಂಟಿನ ಸಂಘ, ಇವರೆಲ್ಲ ನಡೆಸುವ ಸಣ್ಣ ಓಟಗಳಿವು. ಶುಲ್ಕ ಕೆಲವು ನೂರು ರೂಪಾಯಿ, ಎಷ್ಟೋ ಸಲ ಅದೂ ಇಲ್ಲ. ಒಂದು ಟೀ ಶರ್ಟು, ಓಡಿದ ಮೇಲೆ ತಿಂಡಿ. ಮನೆಗೆ ಹತ್ತಿರ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು, ಎಂಟು ಗಂಟೆಗೆ ಮನೆಯಲ್ಲಿರಬಹುದು. ಮೊದಲ ಓಟಕ್ಕೆ ಇದಕ್ಕಿಂತ ಹಿತವಾದದ್ದು ಇಲ್ಲ.

ಆದರೆ ಇಲ್ಲಿ ವ್ಯವಸ್ಥೆ ಒಂದೊಂದು ಕಡೆ ಒಂದೊಂದು ಥರ. ಒಂದು ಓಟದಲ್ಲಿ ಮುಖ್ಯ ಅತಿಥಿಗಳು ಬರುವುದು ತಡವಾಗಿ ಆರಕ್ಕೆ ಎಂದಿದ್ದ ಓಟ ಏಳೂಕಾಲಿಗೆ ಶುರುವಾಯಿತು. ಅಷ್ಟರಲ್ಲಿ ಬಿಸಿಲೇರಿತ್ತು. ಮೂರನೇ ಕಿ.ಮೀ. ಹತ್ತಿರ ಇಟ್ಟಿದ್ದ ನೀರು ಮುಂದೆ ಹೋದವರಿಗೇ ಮುಗಿದಿತ್ತು. ಬಸ್ಸುಗಳು ಪಕ್ಕದಲ್ಲೇ ಹಾರ್ನ್ ಮಾಡುತ್ತಾ ಹೋಗುತ್ತಿದ್ದವು. ನನ್ನ ಹಿಂದೆ ಹತ್ತು ವರ್ಷದ ಮಗುವೊಂದು ಅಳುತ್ತಾ ನಿಂತಿತ್ತು, ಅದರ ಕೈ ಹಿಡಿದು ಅಂಗಡಿಯೊಂದರಲ್ಲಿ ನೀರು ಕುಡಿಸಿ ಕರೆತಂದೆ. ನೀರು ತಡವಾಗಿ ಬಂದವರಿಗೇ ಹೆಚ್ಚು ಬೇಕು, ಏಕೆಂದರೆ ಅವರೇ ಹೆಚ್ಚು ಹೊತ್ತು ಬಿಸಿಲಿನಲ್ಲಿರುತ್ತಾರೆ. ಓಟ ನಡೆಸುವವರು ಇದೊಂದನ್ನು ನೆನಪಿಟ್ಟರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಹಾಗಾಗಿ ಸಣ್ಣ ಓಟಕ್ಕೆ ಹೋಗುವಾಗ ಕೈಯಲ್ಲೊಂದು ಚಿಕ್ಕ ನೀರಿನ ಬಾಟಲಿ, ಜೇಬಿನಲ್ಲಿ ನೂರು ರೂಪಾಯಿ ಇಟ್ಟುಕೊಳ್ಳಿ. ಹೋದ ವರ್ಷ ಓಡಿದವರನ್ನು ಒಂದು ಮಾತು ಕೇಳಿ. ದೂರ ಸರಿಯಾಗಿ ಅಳೆದಿರುತ್ತಾರೆಂದು ನಂಬಬೇಡಿ, ಐದು ಎಂದದ್ದು ನಾಲ್ಕೂವರೆಯೂ ಆಗಿರಬಹುದು. ಸಮಯದ ಲೆಕ್ಕ ಬೇಕಾದವರಿಗೆ ಇದು ಅಲ್ಲ.

ಜಾತ್ರೆ: ಬೆಂಗಳೂರಿನ ಹತ್ತು ಕಿಲೋಮೀಟರು

ಈಗ ಎಲ್ಲರೂ ಕೇಳುವ ಓಟಕ್ಕೆ ಬರೋಣ. ಬೆಂಗಳೂರಿನ ವರ್ಲ್ಡ್ ಟೆನ್‌ಕೆ ಶುರುವಾದದ್ದು 2008ರಲ್ಲಿ. ಮೊದಲು ಸನ್‌ಫೀಸ್ಟ್ ಹೆಸರಿನಲ್ಲಿತ್ತು, ಈಗ ಟಿಸಿಎಸ್ ಹೆಸರಿನಲ್ಲಿದೆ. ಬಹಳ ವರ್ಷ ಮೇ ತಿಂಗಳಲ್ಲಿ ನಡೆಯುತ್ತಿತ್ತು, ಈಚೆಗೆ ಏಪ್ರಿಲ್ ಕೊನೆಗೆ ಬಂದಿದೆ.

ಇದರ ಒಳಗೇ ಹಲವು ಓಟಗಳಿವೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಸಮಯ ಅಳೆಯುವ ಓಪನ್ ಟೆನ್‌ಕೆ ಒಂದು. ಐದು ಕಿ.ಮೀ. ಆಸುಪಾಸಿನ, ಸಮಯದ ಗೊಡವೆಯಿಲ್ಲದ ಮಜಾ ರನ್ ಇನ್ನೊಂದು. ಹಿರಿಯ ನಾಗರಿಕರಿಗೆ ಬೇರೆ, ಅಂಗವಿಕಲರಿಗೆ ಬೇರೆ ಓಟಗಳಿವೆ. ಮೊದಲ ಸಲದವರು ಟೆನ್‌ಕೆ ಎಂಬ ಹೆಸರು ನೋಡಿ ಹತ್ತಕ್ಕೇ ಹೆಸರು ಕೊಡುವ ಅಗತ್ಯವಿಲ್ಲ.

ಓಪನ್ ಟೆನ್‌ಕೆಯ ಸೊಗಸೇ ಬೇರೆ. 2022ರಲ್ಲಿ ಇದೇ ಓಟದಲ್ಲಿ ಕೆನ್ಯಾದ ನಿಕೋಲಸ್ ಕಿಪ್‌ಕೊರಿರ್ ಕಿಮೆಲಿ 27 ನಿಮಿಷ 38 ಸೆಕೆಂಡಿಗೆ ಹತ್ತು ಕಿ.ಮೀ. ಮುಗಿಸಿದರು, ಮಹಿಳೆಯರಲ್ಲಿ ಐರಿನ್ ಚೆಪ್‌ಟೈ 30 ನಿಮಿಷ 35 ಸೆಕೆಂಡಿಗೆ. ಅಂಥವರು ಓಡುವ ಅದೇ ಬೆಳಿಗ್ಗೆ ನಾವೂ ಓಡುತ್ತೇವೆ. ಕ್ರಿಕೆಟ್ಟಿನಲ್ಲಾಗಲಿ ಟೆನಿಸ್ಸಿನಲ್ಲಾಗಲಿ ಈ ಭಾಗ್ಯ ನಮ್ಮಂಥವರಿಗೆ ಇಲ್ಲ. ವಾಹನವಿಲ್ಲದ ರಸ್ತೆ, ಎರಡೂ ಬದಿಯಲ್ಲಿ ತಮಟೆ ಡೊಳ್ಳು, ಗುರುತಿಲ್ಲದವರ ಚಪ್ಪಾಳೆ. ನಾನು ಮೊದಲ ಸಲ ಓಡಿದಾಗ ಕೊನೆಯ ಕಿ.ಮೀ.ನಲ್ಲಿ ಅಳು ಬಂದಿತ್ತು, ನೋವಿಗಲ್ಲ.

ಕೊಡಬೇಕಾದ ಬೆಲೆಯೂ ಕಡಿಮೆಯಿಲ್ಲ. ಇಂಥ ದೊಡ್ಡ ಓಟಗಳ ಹತ್ತು ಕಿ.ಮೀ.ಗೆ ಶುಲ್ಕ ಸಾವಿರ ದಾಟುತ್ತದೆ, ಜಾಗಗಳು ಬೇಗ ತುಂಬುತ್ತವೆ. ಏಪ್ರಿಲ್ ಎಂದರೆ ಬೆಂಗಳೂರಿನಲ್ಲೂ ಕಡುಬೇಸಿಗೆ. ನಸುಕಿನಲ್ಲಿ ಓಡಿದರೂ ನಿಮ್ಮ ಡಿಸೆಂಬರಿನ ವೇಗ ಇಲ್ಲಿ ಬರುವುದಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ರಸ್ತೆಗಳಲ್ಲಿ ಕಣ್ಣಿಗೆ ಕಾಣದ ಏರುಗಳಿವೆ, ಕಾಲಿಗೆ ಗೊತ್ತಾಗುತ್ತವೆ. ಶುರುವಿನಲ್ಲಿ ಜನಜಂಗುಳಿ. ಮೊದಲ ಕಿ.ಮೀ. ಓಡಲು ಜಾಗವೇ ಇರುವುದಿಲ್ಲ. ಬಿಬ್ಬಿಗೆ ಅಂಟಿಸಿದ ಚಿಪ್ಪು ನೀವು ಶುರುವಿನ ಗೆರೆ ದಾಟಿದ ಕ್ಷಣದಿಂದ ಸಮಯ ಎಣಿಸುವುದರಿಂದ ಹಿಂದೆ ನಿಂತದ್ದಕ್ಕೆ ನಷ್ಟವಿಲ್ಲ, ನುಗ್ಗಬೇಡಿ. ಹಿಂದೆ ಓಡಿದ ಸಮಯದ ಪ್ರಮಾಣಪತ್ರ ಕೊಟ್ಟವರಿಗೆ ಮುಂದಿನ ಸಾಲು ಸಿಗುತ್ತದೆ.

ನಮ್ಮ ಮೆಟ್ರೋ ಭಾನುವಾರ ಸಾಮಾನ್ಯವಾಗಿ ಏಳಕ್ಕೆ ಶುರುವಾದರೂ ಈ ಓಟದ ದಿನ ನಸುಕಿನಲ್ಲೇ ರೈಲು ಬಿಟ್ಟಿರುವುದುಂಟು. ಹಿಂದಿನ ದಿನ ವಿಚಾರಿಸಿಕೊಳ್ಳಿ.

ಯಾರಿಗೆ ಸರಿ? ಬೆಂಗಳೂರಿನಲ್ಲೇ ಇದ್ದು, ಮಾತಾಡುತ್ತಾ ಏಳೆಂಟು ಕಿ.ಮೀ. ಓಡಬಲ್ಲವರಿಗೆ ಓಪನ್ ಟೆನ್‌ಕೆ. ಸ್ನೇಹಿತರ ಜೊತೆ ಸಂಭ್ರಮ ಬೇಕೆನ್ನುವವರಿಗೆ ಮಜಾ ರನ್. ಮೈಸೂರು, ಹಾಸನ, ಶಿವಮೊಗ್ಗದಿಂದ ಹೋಗುವವರಿಗೆ ಮಜಾ ರನ್ನಿಗಾಗಿ ಒಂದು ರಾತ್ರಿಯ ಖರ್ಚು ಹೆಚ್ಚೆಂದು ನನ್ನ ಅನಿಸಿಕೆ, ಬೆಂಗಳೂರಿನಲ್ಲಿ ನೆಂಟರ ಮನೆ ಇದ್ದರೆ ಮಾತು ಬೇರೆ.

ಕಾವೇರಿ ಬದಿಯ ಮಣ್ಣಿನ ಹಾದಿ

ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಮ್ಯಾರಥಾನ್ 2007ರಿಂದ ನಡೆದುಬಂದಿದೆ. ಹೆಸರು ಮ್ಯಾರಥಾನ್ ಆದರೂ ಹತ್ತು ಕಿ.ಮೀ. ಮತ್ತು ಹಾಫ್ ಕೂಡ ಇವೆ. ರಂಗನತಿಟ್ಟು ಪಕ್ಷಿಧಾಮದ ಆಸುಪಾಸಿನಲ್ಲಿ ನಾಲೆಯ ಏರಿಯ ಮೇಲೆ ಓಟ, ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ, ಕಬ್ಬು. ಹಾದಿ ಬಹುಪಾಲು ಸಮತಟ್ಟು, ಮಣ್ಣು. ಡಾಂಬರಿನಲ್ಲಿ ಓಡಿ ಮಂಡಿ ನೊಂದವರಿಗೆ ಮಣ್ಣಿನ ಹದ ತಿಳಿಯುತ್ತದೆ. ಇಲ್ಲಿ ತಮಟೆಯಿಲ್ಲ, ದೊಡ್ಡ ಜನವಿಲ್ಲ, ಗದ್ದೆಗೆ ಹೋಗುವವರು ನಿಂತು "ಎಲ್ಲಿಗಮ್ಮಾ ಓಡ್ತಿದೀರಿ?" ಎನ್ನುತ್ತಾರೆ. ನನಗೆ ನಮ್ಮ ರಾಜ್ಯದಲ್ಲಿ ಅತ್ಯಂತ ಪ್ರಿಯವಾದ ಓಟ ಇದು, ಮುಚ್ಚಿಡುವುದಿಲ್ಲ.

ಕಷ್ಟವೆಂದರೆ ನೆರಳು ಕಡಿಮೆ. ಬಿಸಿಲೇರಿದ ಮೇಲೆ ಹಿಂತಿರುಗುವ ಅರ್ಧ ದೂರ ಹಣ್ಣು ಮಾಡುತ್ತದೆ. ಟೋಪಿ ಬೇಕೇ ಬೇಕು. ಮಳೆ ಬಂದರೆ ಕೆಸರು. ಸಣ್ಣ ಕಲ್ಲುಗಳಿರುವುದರಿಂದ ಕಣ್ಣು ಹಾದಿಯ ಮೇಲಿರಬೇಕು, ಹಕ್ಕಿ ನೋಡಬೇಕೆಂದರೆ ನಿಂತು ನೋಡಿ. ಮೈಸೂರಿನವರಿಗೆ ಹದಿನೈದು ಕಿ.ಮೀ. ದೂರವಷ್ಟೇ, ಬೆಂಗಳೂರಿನವರು ಹಿಂದಿನ ರಾತ್ರಿಯೇ ಬರಬೇಕು. ಸಾಮಾನ್ಯವಾಗಿ ಸೆಪ್ಟೆಂಬರ್ ಆಸುಪಾಸು ನಡೆಯುವುದರಿಂದ ಯುಗಾದಿಗೆ ಓಡಲು ಶುರು ಮಾಡಿದವರಿಗೆ ಐದು ತಿಂಗಳು ಕೈಯಲ್ಲಿರುತ್ತದೆ. ಹತ್ತು ಕಿ.ಮೀ.ಗೆ ಅದು ಧಾರಾಳ.

ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ನಡೆಯುವ ಮಲ್ನಾಡ್ ಅಲ್ಟ್ರಾ ಬಗ್ಗೆಯೂ ಕೇಳುತ್ತಾರೆ. ಅದು ಬಹಳ ದೂರ ಓಡುವವರ ಮಾತು. ಈ ಬರಹದ ಓದುಗರು ಈಗ ಆ ಕಡೆ ನೋಡುವುದು ಬೇಡ.

ಹೆಂಗಸರ ಓಟ, ರಾತ್ರಿಯ ಓಟ, ಫೋನಿನ ಓಟ

ಪಿಂಕಥಾನ್ 2012ರಲ್ಲಿ ಮುಂಬೈಯಲ್ಲಿ ಶುರುವಾಗಿ ಬೆಂಗಳೂರಿಗೂ ಬಂದದ್ದು. ನಟ ಮಿಲಿಂದ್ ಸೋಮನ್ ಇದನ್ನು ಕಟ್ಟಿದವರಲ್ಲಿ ಒಬ್ಬರು. ಸ್ತನ ಕ್ಯಾನ್ಸರಿನ ಅರಿವು ಮೂಡಿಸುವ, ಹೆಂಗಸರಷ್ಟೇ ಓಡುವ ಓಟ. ಮೂರು ಕಿ.ಮೀ.ಯಿಂದ ಶುರು. ಸೀರೆಯುಟ್ಟು ಓಡುವವರು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಬರುವವರು ಇಲ್ಲಿ ಸಾಮಾನ್ಯ. ಗಂಡಸರ ಎದುರು ಓಡಲು ಮುಜುಗರ, ಟೀ ಶರ್ಟ್ ಹಾಕಲು ಸಂಕೋಚ ಎನ್ನುವ ಅತ್ತೆ, ಚಿಕ್ಕಮ್ಮಂದಿರಿದ್ದರೆ ಕೈಹಿಡಿದು ಕರೆದೊಯ್ಯಲು ಇಂಥ ಓಟಕ್ಕಿಂತ ಒಳ್ಳೆಯ ಬಾಗಿಲಿಲ್ಲ. ವೇಗಕ್ಕೆ ಓಡುವವರಿಗೆ ಮಾತ್ರ ಇಲ್ಲಿ ಹೆಚ್ಚೇನೂ ಸಿಗದು.

ಬೆಂಗಳೂರಿನ ವೈಟ್‌ಫೀಲ್ಡಿನ ಮಿಡ್‌ನೈಟ್ ಮ್ಯಾರಥಾನಿನಂಥ ರಾತ್ರಿಯ ಓಟಗಳಿಗೆ ಬಿಸಿಲಿನ ಭಯವಿಲ್ಲ, ಡಿಸೆಂಬರಿನ ಚಳಿ ಕಾಲಿಗೆ ಹಿತ. ಆದರೆ ರಾತ್ರಿ ಊಟ ಯಾವಾಗ ಮಾಡಬೇಕು, ಮನೆಗೆ ಹೇಗೆ ಬರಬೇಕು ಎಂಬುದು ಎರಡು ತಲೆನೋವು. ಓಟ ಮುಗಿದು ನಿದ್ದೆಗಣ್ಣಿನಲ್ಲಿ ಬೈಕು ಕಾರು ಓಡಿಸುವುದು ಬೇಡವೇ ಬೇಡ.

ವರ್ಚುವಲ್ ಓಟ ಎಂದರೆ ನೀವಿದ್ದಲ್ಲೇ ಓಡಿ ಆ್ಯಪಿನ ದಾಖಲೆ ಕಳಿಸಿದರೆ ಮೆಡಲು ಅಂಚೆಯಲ್ಲಿ ಬರುತ್ತದೆ. ಪಾಳಿಯ ಕೆಲಸದವರಿಗೆ, ಪುಟ್ಟ ಮಕ್ಕಳಿರುವವರಿಗೆ ಒಂದು ನೆಪವಾಗಿ ಸರಿ. ನಾನಾದರೆ ಆ ದುಡ್ಡಿಗೆ ಎರಡು ಜೊತೆ ಒಳ್ಳೆಯ ಸಾಕ್ಸ್ ಕೊಳ್ಳುತ್ತೇನೆ.

ಕೈಯಲ್ಲಿರುವ ದುಡ್ಡಿನ ಲೆಕ್ಕದಲ್ಲಿ

ಐನೂರು ರೂಪಾಯಿಯಷ್ಟೇ ಇದ್ದರೆ ಪಾರ್ಕು ಮತ್ತು ವಾಟ್ಸಾಪ್ ಗುಂಪು, ನಡುವೆ ಊರಿನ ಒಂದು ಐದು ಕಿ.ಮೀ. ಎರಡು ಮೂರು ಸಾವಿರ ಇದ್ದರೆ ಮೊದಲು ಶೂ ಕೊಳ್ಳಿ, ಓಟಕ್ಕೆ ಆಮೇಲೆ. ಶೂ ಸಂಜೆ ಹೊತ್ತು ಹೋಗಿ ಕೊಳ್ಳಿ, ಆಗ ಪಾದ ತುಸು ಉಬ್ಬಿರುತ್ತದೆ. ಹೆಬ್ಬೆರಳ ಮುಂದೆ ಒಂದು ಬೆರಳಷ್ಟು ಜಾಗ ಇರಲಿ. ಓಟದ ದಿನ ಹೊಸ ಶೂ ಹಾಕಬೇಡಿ. ಐದು ಸಾವಿರದವರೆಗೆ ಖರ್ಚು ಮಾಡಬಲ್ಲವರು ವರ್ಷಕ್ಕೆ ಒಂದೇ ಒಂದು ದೊಡ್ಡ ಓಟ ಇಟ್ಟುಕೊಂಡು ಉಳಿದದ್ದನ್ನು ಗುಂಪಿಗೆ, ಕೋಚಿಗೆ ಹಾಕುವುದು ಲೇಸು. ತಿಂಗಳಿಗೊಂದು ಮೆಡಲಿನ ಹಿಂದೆ ಹೋದವರ ಮಂಡಿ ಏನಾಯಿತೆಂದು ನಾನು ಕಂಡಿದ್ದೇನೆ.

ಒಂದು ಮಾತು ಯಾವ ಓಟಕ್ಕೂ ಅನ್ವಯಿಸುವಂಥದ್ದು. ನಲವತ್ತು ದಾಟಿದವರು, ಬಿಪಿ, ಸಕ್ಕರೆ ಇರುವವರು, ಮನೆಯಲ್ಲಿ ಹೃದಯದ ಕಾಯಿಲೆಯ ಇತಿಹಾಸ ಇರುವವರು ವೈದ್ಯರನ್ನು ಕಂಡೇ ಶುರು ಮಾಡಬೇಕು. ಎದೆ ಬಿಗಿತ, ತಲೆಸುತ್ತು, ತಣ್ಣನೆ ಬೆವರು ಬಂದರೆ ಗುರಿ ನೂರು ಮೀಟರ್ ದೂರವಿದ್ದರೂ ನಿಲ್ಲಬೇಕು. ಸಕ್ಕರೆಗೆ ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಓಡುವಾಗ ಸಕ್ಕರೆ ಥಟ್ಟನೆ ಇಳಿಯಬಹುದು, ಜೇಬಿನಲ್ಲಿ ಗ್ಲೂಕೋಸ್ ಇರಲಿ, ಜೊತೆಯವರಿಗೆ ವಿಷಯ ಗೊತ್ತಿರಲಿ.

ಮೂವರು ಏನು ಆರಿಸಿದರು

ಅಣ್ಣನ ಮಗನಿಗೆ ಹಾಫ್ ಬೇಡವೆಂದೆ. ಕೋಪ ಬಂತು ಅವನಿಗೆ. ಒಂದು ಲೆಕ್ಕ ಮಾಡು ಎಂದೆ: ಹಾಫ್‌ಗೆ ಮೂರೂವರೆ ಗಂಟೆಯ ಕಟಾಫ್ ಇದ್ದರೆ ಕಿ.ಮೀ.ಗೆ ಹತ್ತು ನಿಮಿಷದ ಹತ್ತಿರ, ಅದನ್ನು ಇಪ್ಪತ್ತೊಂದು ಸಲ ನಿಲ್ಲದೆ ಮಾಡಬೇಕು. ಈಗ ಭಾನುವಾರ ಕಬ್ಬನ್ ಪಾರ್ಕಿನಲ್ಲಿ ಓಡುತ್ತಿದ್ದಾನೆ, ಬೆಂಗಳೂರಿನಲ್ಲೇ ಇರುವುದರಿಂದ ಟೆನ್‌ಕೆಗೆ ಮುಂದಿನ ವರ್ಷ ಹೆಸರು ಕೊಡುತ್ತಾನೆ, ಹಾಫ್ ಅದರ ಆಚೆ.

ಸಹೋದ್ಯೋಗಿಗೆ ಬೆಂಗಳೂರಿನ ಪ್ರಯಾಣ, ಬಿಬ್ ತರುವ ರಜೆ, ಮಕ್ಕಳನ್ನು ಬಿಡುವ ಮನೆ, ಎಲ್ಲ ಕೂಡಿಸಿ ನೋಡಿದಾಗ ಉತ್ತರ ತಾನಾಗಿ ಸಿಕ್ಕಿತು. ಶನಿವಾರದ ಗುಂಪಿಗೆ ಬರುತ್ತಿದ್ದಾಳೆ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಸೆಪ್ಟೆಂಬರಿಗೆ ಶ್ರೀರಂಗಪಟ್ಟಣದ ಹತ್ತು ಕಿ.ಮೀ. ಗೊತ್ತು ಮಾಡಿಕೊಂಡಿದ್ದಾಳೆ. ಬೆಳಿಗ್ಗೆ ನಾಲ್ಕೂವರೆಗೆ ಮನೆ ಬಿಟ್ಟರೂ ಮಕ್ಕಳು ತಿಂಡಿಗೆ ಕೂರುವ ಹೊತ್ತಿಗೆ ವಾಪಸ್ಸಾಗಬಹುದು.

ರಾಯರು ಮೊನ್ನೆ ವೈದ್ಯರ ಚೀಟಿ ತಂದು ತೋರಿಸಿದರು. ಇಸಿಜಿ, ಟ್ರೆಡ್‌ಮಿಲ್ ಪರೀಕ್ಷೆ ಎರಡೂ ಆಗಿವೆ, ನಡೆದು ಓಡಲು ಅಡ್ಡಿಯಿಲ್ಲ ಎಂದಿದ್ದಾರಂತೆ. ಬೆಂಗಳೂರಿನ ಮಗಳ ಮನೆಯಲ್ಲಿದ್ದು ಮುಂದಿನ ವರ್ಷ ಹಿರಿಯ ನಾಗರಿಕರ ಓಟಕ್ಕೆ ಹೋಗುವ ಆಸೆ ಅವರಿಗೆ. ಅಲ್ಲಿಯವರೆಗೆ ಕೆರೆಯ ಏರಿ. ಶನಿವಾರ ಆರು ಗಂಟೆಗೆ ಗೇಟಿನ ಹತ್ತಿರ ಬನ್ನಿ, ಗ್ಲೂಕೋಸ್ ಮರೆಯಬೇಡಿ ಎಂದಿದ್ದೇನೆ. ಈ ವಾರ ಕೊನೆಯವರ ಜೊತೆ ಓಡುವ ಸರದಿ ನನ್ನದು.